ಕಡಲೆಕಾಯಿ, ತೊಗರಿ ಮತ್ತು ಸರಳರೇಖೆಯ ಗಣಿತ

(ಮಡಕಶಿರದಲ್ಲಿ ನಡೆದ ಕನ್ನಡ ಮಾಧ್ಯಮ ವಿದ್ಯಾರ್ಥಿಗಳ ಪೋಷಕರ ಸಭೆಯಲ್ಲಿ ಗಣಿತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಮಗು ಹೈಸ್ಕೂಲಿಗೆ ಬರುವ ಹೊತ್ತಿಗೆ ತಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದಿದೆ. "ಮೇಷ್ಟ್ರೇ, ಕಥೆ ಪದ್ಯ ಕನ್ನಡದಲ್ಲಿ ಓದಲಿ, ಬೇಡ ಅನ್ನಲ್ಲ. ನಾಳೆ ವ್ಯಾಪಾರ, ಬ್ಯಾಂಕು, ಕಂಪ್ಯೂಟರು ಅಂತ ಹೋಗೋ ಮಗುವಿಗೆ ಕನ್ನಡದ ಗಣಿತ ಯಾವುದಕ್ಕೆ ಬರುತ್ತೆ?" ಭಾಷಾಭಿಮಾನದ ಮಾತಿನಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಮಾಧ್ಯಮದ ಆಯ್ಕೆ ತಂದೆತಾಯಿಯರದು ಎಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಆಯ್ಕೆ ತಮ್ಮದಾದ ಮೇಲೆ ಲೆಕ್ಕ ಹಾಕಿಯೇ ಆರಿಸಬೇಕು. ಆದ್ದರಿಂದ ವ್ಯಾಪಾರದಲ್ಲೂ ಸಂಖ್ಯಾಶಾಸ್ತ್ರದಲ್ಲೂ ದಿನನಿತ್ಯ ಬಳಕೆಯಾಗುವ ಒಂದು ಗಣಿತವನ್ನೇ ಇಂದು ತಮ್ಮ ಮುಂದೆ ಇಡುತ್ತೇನೆ. ಅದರ ಹೆಸರು ಲೀನಿಯರ್ ಪ್ರೋಗ್ರಾಮಿಂಗ್. ಕನ್ನಡದಲ್ಲಿ ರೇಖೀಯ ಯೋಜನೆ ಎನ್ನೋಣ. ಹಿಂದೆ ಆಂಧ್ರದ ಹತ್ತನೇ ತರಗತಿಯ ಗಣಿತದಲ್ಲಿ ಇದೊಂದು ಪಾಠವಾಗಿಯೇ ಇತ್ತು.

ಒಬ್ಬ ರೈತನಿಗೆ 6 ಎಕರೆ ಖುಷ್ಕಿ ಜಮೀನಿದೆ, ಕೈಯಲ್ಲಿ 60 ಸಾವಿರ ರೂಪಾಯಿ ಇದೆ ಎಂದು ಇಟ್ಟುಕೊಳ್ಳಿ. ಕಡಲೆಕಾಯಿಗೆ ಎಕರೆಗೆ 15 ಸಾವಿರ ಖರ್ಚು, ಖರ್ಚು ಕಳೆದು 12 ಸಾವಿರ ಲಾಭ. ತೊಗರಿಗೆ ಎಕರೆಗೆ 5 ಸಾವಿರ ಖರ್ಚು, 8 ಸಾವಿರ ಲಾಭ. ಈ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ತಾವು ತಮ್ಮ ಹೊಲದ ಅಂಕಿ ಹಾಕಿಕೊಳ್ಳಬಹುದು. ಲಾಭ ಹೆಚ್ಚು ಎಂದು ಬರೀ ಕಡಲೆಕಾಯಿ ಹಾಕಿದರೆ ಹಣ 4 ಎಕರೆಗೇ ಮುಗಿಯುತ್ತದೆ. ಲಾಭ 48 ಸಾವಿರ, 2 ಎಕರೆ ಬೀಳು. ಬರೀ ತೊಗರಿ ಹಾಕಿದರೆ 6 ಎಕರೆಯೂ ತುಂಬುತ್ತದೆ, ಆದರೆ ಲಾಭ ಮತ್ತೆ 48 ಸಾವಿರವೇ. ಹಣ ಅರ್ಧ ಹಾಗೇ ಉಳಿಯುತ್ತದೆ.

ಈಗ ನಮ್ಮ ಮಗು ನಕ್ಷೆ ಹಾಳೆ ತೆಗೆದುಕೊಳ್ಳುತ್ತದೆ. ಕಡಲೆಕಾಯಿ, ತೊಗರಿ ಎರಡರ ಎಕರೆ ಕೂಡಿದರೆ 6 ಮೀರಬಾರದು; ಇದು ಒಂದು ಗೆರೆ. ಖರ್ಚು 60 ಸಾವಿರ ಮೀರಬಾರದು. ಇದು ಇನ್ನೊಂದು ಗೆರೆ. ಎರಡು ಗೆರೆಗಳ ಒಳಗೆ ಉಳಿಯುವ ಜಾಗದಲ್ಲೇ ರೈತನ ಬೇಸಾಯ ನಡೆಯಬೇಕು. ಅತಿ ಹೆಚ್ಚಿನ ಲಾಭ ಈ ಆಕೃತಿಯ ಯಾವುದಾದರೂ ಒಂದು ಮೂಲೆಯಲ್ಲಿ ಸಿಕ್ಕೇ ಸಿಗುತ್ತದೆ ಎಂಬುದು ಈ ಗಣಿತದ ಮುಖ್ಯ ಸೂತ್ರ. ಎರಡು ಗೆರೆ ಕೂಡುವ ಮೂಲೆಯಲ್ಲಿ ಕಡಲೆಕಾಯಿ 3 ಎಕರೆ, ತೊಗರಿ 3 ಎಕರೆ. ಲಾಭ 36 ಮತ್ತು 24, ಒಟ್ಟು 60 ಸಾವಿರ. ಕಡಲೆಕಾಯಿಯ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುತ್ತಿದ್ದ ನಮ್ಮ ಹಿರಿಯರು ಮಳೆಯನ್ನು ನೋಡಿ, ಮಣ್ಣನ್ನು ನೋಡಿ ಎರಡನ್ನೂ ಇಟ್ಟುಕೊಂಡವರು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಈ ರೈತ 10 ಸಾವಿರ ಸಾಲ ತರಬೇಕೋ ಬೇಡವೋ? 70 ಸಾವಿರಕ್ಕೆ ಲೆಕ್ಕ ಹಾಕಿದರೆ ಕಡಲೆಕಾಯಿ 4, ತೊಗರಿ 2 ಎಕರೆ, ಲಾಭ 64 ಸಾವಿರ. ಅಂದರೆ ಆ ಸಾಲದಿಂದ ಬರುವ ಹೆಚ್ಚುವರಿ 4 ಸಾವಿರ ಮಾತ್ರ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಾದರೆ ಆರು ತಿಂಗಳಿಗೆ 1,800, ತರಬಹುದು. 7 ರೂಪಾಯಿ ಬಡ್ಡಿಯಾದರೆ 4,200; ತಂದರೆ ನಷ್ಟ. ಇನ್ನು ಕೂಲಿಯ ಲೆಕ್ಕ. ಕಡಲೆಕಾಯಿಗೆ ಎಕರೆಗೆ 16 ಆಳು, ತೊಗರಿಗೆ 10 ಆಳು ಬೇಕು, ಮನೆಯಲ್ಲಿ 100 ಆಳಿನ ದುಡಿಮೆ ಇದೆ ಎನ್ನಿ. 3 ಮತ್ತು 3 ಎಕರೆಗೆ 78 ಸಾಕು. ಇನ್ನೂ ಹತ್ತು ಆಳು ತಂದರೂ ಲಾಭ ಒಂದು ಕಾಸೂ ಏರುವುದಿಲ್ಲ. ಯಾವ ಕೊರತೆ ನಮ್ಮನ್ನು ಕಟ್ಟಿಹಾಕಿದೆಯೋ ಅದನ್ನು ನೀಗಿದರೆ ಮಾತ್ರ ಫಲ. ಈ ಮಾತನ್ನು ದಯವಿಟ್ಟು ನೆನಪಿಡಿ, ಇದಕ್ಕೆ ಮತ್ತೆ ಬರುತ್ತೇನೆ.

ಈ ವಿದ್ಯೆಯನ್ನು 1939ರಲ್ಲಿ ಲೆನಿನ್‌ಗ್ರಾಡಿನಲ್ಲಿ ಕ್ಯಾಂಟರೋವಿಚ್ ಎಂಬ ಗಣಿತಜ್ಞ ರೂಪಿಸಿದರು. ಪ್ಲೈವುಡ್ ಕಾರ್ಖಾನೆಯ ಯಂತ್ರಗಳಿಗೆ ಕೆಲಸ ಹಂಚುವುದು ಅವರ ಮುಂದಿದ್ದ ಸಮಸ್ಯೆ. 1947ರಲ್ಲಿ ಅಮೆರಿಕದ ಡಾಂಟ್ಸಿಗ್ ಅವರು ಮೂಲೆಯಿಂದ ಮೂಲೆಗೆ ಹೋಗುತ್ತಾ ಉತ್ತರ ಹುಡುಕುವ ಸಿಂಪ್ಲೆಕ್ಸ್ ವಿಧಾನ ಕೊಟ್ಟರು. ಅದನ್ನು ಪರೀಕ್ಷಿಸಲು ಆಯ್ದುಕೊಂಡದ್ದು ಕಡಿಮೆ ಖರ್ಚಿನಲ್ಲಿ ಪೌಷ್ಟಿಕ ಊಟ ಯಾವುದು ಎಂಬ ಲೆಕ್ಕ: 77 ಆಹಾರ ಪದಾರ್ಥ, 9 ಪೋಷಕಾಂಶ. ಕೈಯಂತ್ರಗಳಿಂದ ಲೆಕ್ಕ ಹಾಕಿದಾಗ ಸುಮಾರು 120 ಆಳು-ದಿನ ಹಿಡಿಯಿತು. 1984ರಲ್ಲಿ ಭಾರತೀಯರಾದ ನರೇಂದ್ರ ಕರ್ಮಾರ್ಕರ್ ಬಹಳ ದೊಡ್ಡ ಲೆಕ್ಕಗಳಿಗೆ ಹೊಸ ಮಾರ್ಗ ತೋರಿಸಿದರು.

ಸಂಖ್ಯಾಶಾಸ್ತ್ರದಲ್ಲಿ ಇದೇ ಸರಳರೇಖೆ ಬೇರೆ ಕೆಲಸ ಮಾಡುತ್ತದೆ. ಒಂದು ತರಗತಿಯಲ್ಲಿ 120 ದಿನ ಬಂದ ಮಕ್ಕಳಿಗೆ ಸುಮಾರು 40 ಅಂಕ, 160 ದಿನ ಬಂದವರಿಗೆ 50, 200 ದಿನ ಬಂದವರಿಗೆ 60 ಬರುತ್ತದೆ ಎನ್ನಿ. ದಿನಗಳನ್ನು ನಾಲ್ಕರಿಂದ ಭಾಗಿಸಿ 10 ಕೂಡಿದರೆ ಅಂಕ. ಇದೇ ರೇಖೀಯ ಮಾದರಿ. ನಿಜವಾದ ಮಕ್ಕಳ ಅಂಕಗಳು ಗೆರೆಯ ಆಚೆ ಈಚೆ ಚದುರಿರುತ್ತವೆ. ಆ ಅಂತರಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಗೆರೆ ಎಳೆಯುವ ಕ್ರಮವನ್ನು 1805ರಲ್ಲಿ ಲೆಜಾಂಡ್ರ್, 1809ರಲ್ಲಿ ಗೌಸ್ ಪ್ರಕಟಿಸಿದರು. ಇದೇ ರೇಖೀಯ ಮಾದರಿಗಳ ಬಗ್ಗೆ 1965ರಲ್ಲಿ ಜಗತ್ತು ಓದುವ ಗ್ರಂಥ ಬರೆದ ಡಾ. ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಹೂವಿನ ಹಡಗಲಿಯಲ್ಲಿ. ಅವರ ಮನೆಮಾತು ತೆಲುಗು. ಆಗ ಹಡಗಲಿಯೂ ರಾಯದುರ್ಗವೂ ಒಂದೇ ಬಳ್ಳಾರಿ ಜಿಲ್ಲೆ. 1953ರಲ್ಲಿ ರಾಯದುರ್ಗ ಆಂಧ್ರಕ್ಕೆ ಬಂತು, ಹಡಗಲಿ ಮೈಸೂರಿಗೆ ಹೋಯಿತು. ಎರಡು ಭಾಷೆಗಳು ಕೂಡಿ ಬಾಳಿದ ಸೀಮೆಯಲ್ಲಿ ಇಂಥವರು ಹುಟ್ಟಿದರು ಎಂಬುದು ನಮಗೆ ಹೆಮ್ಮೆ.

ಇದೇ ಶಾಸ್ತ್ರ ನಮಗೆ ಎಚ್ಚರಿಕೆಯನ್ನೂ ಹೇಳುತ್ತದೆ. ಪಟ್ಟಣದ ಇಂಗ್ಲಿಷ್ ಶಾಲೆಯಲ್ಲಿ ಅಂಕ ಹೆಚ್ಚು, ಆದ್ದರಿಂದ ಇಂಗ್ಲಿಷ್ ಮಾಧ್ಯಮವೇ ಅಂಕ ತರುತ್ತದೆ ಎನ್ನುವುದು ಒಂದೇ ಕಾರಣದ ಗೆರೆ. ಆ ಮಗುವಿಗೆ ಓದಿದ ತಂದೆತಾಯಿ ಇರಬಹುದು, ಸಂಜೆ ಟ್ಯೂಷನ್ ಇರಬಹುದು, ತರಗತಿಗೊಬ್ಬ ಶಿಕ್ಷಕ ಇರಬಹುದು. ಇವನ್ನೆಲ್ಲ ಲೆಕ್ಕಕ್ಕೆ ಸೇರಿಸದಿದ್ದರೆ ಅವುಗಳ ಪುಣ್ಯವೆಲ್ಲ ಮಾಧ್ಯಮದ ಖಾತೆಗೆ ಜಮೆಯಾಗುತ್ತದೆ. ಕನ್ನಡ ಶಾಲೆಯೇ ಮೇಲು ಎಂದು ಇಷ್ಟರಿಂದಲೇ ಸಾಧಿಸಲೂ ಆಗದು. ಹೋಲಿಸುವಾಗ ಸಮಾನ ಸೌಲಭ್ಯದ ಶಾಲೆಗಳನ್ನು ಹೋಲಿಸಿ ಎಂದಷ್ಟೇ ನನ್ನ ಬಿನ್ನಹ. ಇಂಟರ್‌ಗೆ ಹೋದಾಗ ಚರಾಕ್ಷರ, ಸಮೀಕರಣ, ಅಸಮತೆ ಎಂಬ ಮಾತುಗಳಿಗೆ ಇಂಗ್ಲಿಷ್ ಹೆಸರು ಕಲಿಯಬೇಕು, ನಿಜ. ಅದಕ್ಕಾಗಿ ಹತ್ತನೇ ತರಗತಿಯಲ್ಲೇ ಎರಡೂ ಹೆಸರುಗಳ ಪಟ್ಟಿಯನ್ನು ಮಕ್ಕಳ ನೋಟ್ ಪುಸ್ತಕದಲ್ಲಿ ಬರೆಸಬಹುದು. ವಿಷಯ ತಿಳಿದ ಮಗುವಿಗೆ ಹೆಸರು ಭಾರವಾಗುವುದಿಲ್ಲ.

ಈಗ ರೈತನ ಲೆಕ್ಕವನ್ನು ನಮ್ಮ ಶಾಲೆಗೆ ಅನ್ವಯಿಸೋಣ. ಶಾಲೆಗೆ ಕೊಠಡಿ, ಪಠ್ಯಪುಸ್ತಕ, ಶಿಕ್ಷಕರು ಎಲ್ಲವೂ ಬೇಕು. ಗಣಿತ ಹೇಳುವವರಿಲ್ಲದ ಶಾಲೆಗೆ ಸುಣ್ಣ ಬಣ್ಣ ಹೊಡೆಸಿದರೆ, ಮಿಕ್ಕಿರುವ ಆಳಿಗೆ ಇನ್ನೂ ಹತ್ತು ಆಳು ಸೇರಿಸಿದಂತೆ. ನಮ್ಮ ಅರ್ಜಿಯಲ್ಲಿ ಇಪ್ಪತ್ತು ಬೇಡಿಕೆ ಬೇಡ. ಕಟ್ಟಿಹಾಕಿರುವ ಕೊರತೆ ಯಾವುದೋ ಅದನ್ನು ಮೊದಲು ಬರೆಯಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವಿಜ್ಞಾನ-ಗಣಿತ, ಸಮಾಜ, ಭಾಷೆ ಒಂದೊಂದಕ್ಕೂ ಕನಿಷ್ಠ ಒಬ್ಬ ಶಿಕ್ಷಕ ಇರಬೇಕೆನ್ನುತ್ತದೆ. ಸಾಧ್ಯವಾದ ಮಟ್ಟಿಗೆ ಬೋಧನೆ ಮಾತೃಭಾಷೆಯಲ್ಲಿರಬೇಕೆಂದೂ ಹೇಳುತ್ತದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯ ಒದಗಿಸಲು ರಾಜ್ಯಗಳಿಗೆ ಹೇಳಿದೆ. 350ಬಿ ವಿಧಿಯಂತೆ ಇದನ್ನು ನೋಡಿಕೊಳ್ಳುವ ವಿಶೇಷಾಧಿಕಾರಿಯ ಹುದ್ದೆ ಬಂತು.

ತಾವು ಮಾಡಬೇಕಾದದ್ದು ಇಷ್ಟು. ತರಗತಿವಾರು ಮಕ್ಕಳ ಸಂಖ್ಯೆ, ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಪುಸ್ತಕ ಕೈಗೆ ಬಂದ ತಾರೀಖು, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದಿಡಿ. ಅಂಕಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. 2022ರ ಏಪ್ರಿಲ್‌ನಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ರಾಯದುರ್ಗ ಅನಂತಪುರದಲ್ಲೇ ಇದೆ. ಹಾಗಾಗಿ ನಮ್ಮ ಅರ್ಜಿಗಳು ಎರಡು ಜಿಲ್ಲಾ ಕಚೇರಿಗಳಿಗೆ ಹೋಗಬೇಕು, ಆದರೆ ಎರಡೂ ಕಡೆ ಹಾಳೆಯ ನಮೂನೆ ಒಂದೇ ಇರಲಿ. ಬರುವ ಪೋಷಕರ ಸಭೆಗೆ ಪ್ರತಿ ಶಾಲೆಯಿಂದ ಆ ಒಂದು ಹಾಳೆ ತನ್ನಿ. ಕೂಡಿ ಲೆಕ್ಕ ಹಾಕೋಣ.