ಉಪಕಾರ ನೆನೆಯಲಿಕ್ಕೂ ಜೊತೆ ಬೇಕು

(ಫರಂಗಿಪೇಟೆಯಲ್ಲಿ ಸೇರಿದ್ದ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಸಂಘದ ಹಿರಿಯ ಸದಸ್ಯೆಯೊಬ್ಬರು ಆಡಿದ ಮಾತುಗಳು)



ನನಗೆ ಕೊಟ್ಟ ವಿಷಯ ‘ದಿನನಿತ್ಯದ ಬದುಕಿನಲ್ಲಿ ಕೃತಜ್ಞತೆ’. ಇದನ್ನು ಕೇಳಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಕಾರ್ಯಕ್ರಮಗಳ ವಂದನಾರ್ಪಣೆ. ಅದನ್ನು ಯಾರಿಗೆ ಕೊಡ್ತೇವೆ? ಬೇರೆ ಯಾವ ಕೆಲಸವೂ ಸಿಗದವರಿಗೆ. ಅವರು ಚೀಟಿ ಹಿಡಿದು ಮೈಕಿನ ಹತ್ತಿರ ಬರುವಾಗ ಅರ್ಧ ಜನ ಚಹಾದ ಕಡೆಗೆ ಎದ್ದು ಹೋಗಿರ್ತಾರೆ. ಮೈಕಿನವರಿಂದ ಹಿಡಿದು ಶಾಮಿಯಾನದವರ ತನಕ ಎಲ್ಲರಿಗೂ ಧನ್ಯವಾದ ಹೇಳಿ ಆಗ್ತದೆ, ಒಬ್ಬರೂ ಕೇಳಿಸಿಕೊಂಡಿರುವುದಿಲ್ಲ. ಮನೆಯಲ್ಲೂ ಅಷ್ಟೆ. ವರ್ಷದ ಮುನ್ನೂರ ಅರವತ್ತೈದು ದಿನ ಸಾರು ಮಾಡಿದವಳ ಬಗ್ಗೆ ಮನೆಯವರು ಬಾಯಿ ತೆರೆಯುವುದು ಉಪ್ಪು ಕಡಿಮೆಯಾದ ದಿನ ಮಾತ್ರ. ನಗಬೇಡಿ, ನಾವೂ ನಮ್ಮ ಅಮ್ಮನಿಗೆ, ಅತ್ತೆಗೆ ಹಾಗೇ ಮಾಡಿದವರು.

ಹಾಗಾದರೆ ನಮಗೆ ಕೃತಜ್ಞತೆ ಗೊತ್ತಿಲ್ಲವೇ? ಗೊತ್ತುಂಟು. ಆದರೆ ನಮ್ಮ ಹಿರಿಯರು ಅದನ್ನು ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಮಾಡಿ ತೋರಿಸುತ್ತಿದ್ದರು. ನೆರೆಮನೆಯಿಂದ ಪಾತ್ರೆಯಲ್ಲಿ ಪಲ್ಯ ಬಂದರೆ ಆ ಪಾತ್ರೆಯನ್ನು ಖಾಲಿ ಕಳಿಸಬಾರದು ಎಂದು ನನ್ನ ಅಮ್ಮ ಹೇಳುತ್ತಿದ್ದರು. ಏನೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸು, ಒಂದು ತುಂಡು ಬೆಲ್ಲವಾದರೂ ಹಾಕಿ ಕೊಡಬೇಕು. ಕೊಂಕಣಿ ಮಾತಾಡುವವರು ‘ದೇವ್ ಬರೆಂ ಕರುಂ’ ಎನ್ನುತ್ತಾರೆ, ಅಂದರೆ ದೇವರು ಒಳ್ಳೆಯದು ಮಾಡಲಿ. ಉಪಕಾರ ಮಾಡಿದವರಿಗೆ ನಾನು ಏನು ವಾಪಸು ಕೊಡಲಿ, ನನ್ನಿಂದ ಆಗದ್ದನ್ನು ದೇವರೇ ಕೊಡಲಿ ಎಂಬ ಹಾಗೆ ಅದು.

ನಾವು ಇವತ್ತು ಸೇರಿರುವ ಈ ಊರಿಗೂ ಈ ವಿಷಯಕ್ಕೂ ಒಂದು ಹಳೆಯ ಸಂಬಂಧವಿದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬ ನಿಮಗೆಲ್ಲ ಗೊತ್ತು. ಕ್ರೈಸ್ತರಲ್ಲದ ಸಹೋದರಿಯರೂ ತೆನೆ ಹಬ್ಬ ಎಂದು ಕೇಳಿರುತ್ತೀರಿ. ‘ಮೊಂತಿ’ ಎಂಬ ಹೆಸರು ಬಂದದ್ದು ಎಲ್ಲಿಂದ? ಇದೇ ಫರಂಗಿಪೇಟೆಯ ಮೊಂತಿ ಮಾರಿಯಾನೊ ಚರ್ಚಿನಿಂದ. ‘ಮೊಂತಿ’ ಎಂದರೆ ಪೋರ್ಚುಗೀಸರ ಭಾಷೆಯಲ್ಲಿ ಬೆಟ್ಟ. 1763ರಲ್ಲಿ ಗೋವಾ ಮೂಲದ ಫಾದರ್ ಜೋಕಿಂ ಮಿರಾಂದರು ಈ ಹಬ್ಬವನ್ನು ಇಲ್ಲಿ ಆರಂಭಿಸಿದರು ಎಂದು ಹೇಳುತ್ತಾರೆ. ಇಂದು ಮುಂಬಯಿಯಲ್ಲಿ, ಗಲ್ಫಿನಲ್ಲಿ, ಎಲ್ಲೆಲ್ಲಿ ಮಂಗಳೂರಿನ ಕ್ರೈಸ್ತರಿದ್ದಾರೋ ಅಲ್ಲೆಲ್ಲ ಈ ಹಬ್ಬ ಆಗುತ್ತದೆ. ಎಲ್ಲಿ ಆದರೂ ನಮ್ಮ ಈ ಬೆಟ್ಟದ ಹೆಸರಿನಲ್ಲೇ.

ಆ ದಿನ ಏನು ಮಾಡುತ್ತಾರೆ? ಒಂಬತ್ತು ದಿನ ಮಕ್ಕಳು ಹೂ ತಂದು ಬಾಲ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮಕ್ಕಳಿಗೆ ಕಬ್ಬು ಸಿಗುತ್ತದೆ, ಅವರಿಗೆ ಅದೇ ಹಬ್ಬ. ಮನೆಯಲ್ಲಿ ಹಿರಿಯರು ತೆನೆಯ ಕಾಳು ಸುಲಿದು, ಅರೆದು, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಮೀನು ಮಾಂಸ ಇಲ್ಲದ ತರಕಾರಿ ಊಟ. ಪರವೂರಿನಲ್ಲಿ ಇರುವ ಮಗನಿಗೆ, ಮಗಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸುವ ಮನೆಗಳು ಎಷ್ಟೋ ಇದ್ದವು. ತುಳುವರ ಮನೆಗಳಲ್ಲಿಯೂ ತೆನೆ ತಂದು ಮನೆ ತುಂಬಿಸುತ್ತಾರೆ, ಬಾಗಿಲಿಗೆ, ಕಂಬಕ್ಕೆ ಕಟ್ಟುತ್ತಾರೆ, ಹೊಸ ಅಕ್ಕಿಯ ಊಟ ಮಾಡುತ್ತಾರೆ.

ಇದರಲ್ಲಿ ಎರಡು ಸಂಗತಿ ನನ್ನ ಮನಸ್ಸಿಗೆ ತಾಗಿದ್ದು. ಒಂದು, ಈ ಹಬ್ಬ ಬರುವುದು ಕಣಜ ತುಂಬಿದ ಮೇಲೆ ಅಲ್ಲ. ಆಟಿ ತಿಂಗಳು ಕಳೆದಿರುತ್ತದೆ ಅಷ್ಟೆ. ಹಿಂದೆ ಆಟಿ ಎಂದರೆ ಹಸಿವು ಎಂದೇ ಅರ್ಥ. ಕೆಸುವಿನ ಎಲೆ, ತಜಂಕ್, ಹಲಸಿನ ಬೀಜ ತಿಂದು ದಿನ ದೂಡಿದ್ದನ್ನು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಗದ್ದೆಯಲ್ಲಿ ಮೊದಲ ತೆನೆ ಕಂಡಿದೆ, ಕೊಯ್ಲು ಇನ್ನೂ ಆಗಿಲ್ಲ, ಮಳೆ ಬಂದು ಹಾಳು ಮಾಡಲೂಬಹುದು. ಆಗಲೇ ಅವರು ಉಪಕಾರ ಹೇಳಿದ್ದು. ನಾವಾದರೋ ಸಾಲವೆಲ್ಲ ತೀರಲಿ, ಮಗಳ ಮದುವೆ ಆಗಲಿ, ಮನೆಗೆ ಸ್ಲ್ಯಾಬ್ ಹಾಕಿ ಆಗಲಿ, ಆಮೇಲೆ ನೋಡುವ ಅನ್ನುತ್ತೇವೆ. ಎರಡನೆಯದು, ಇದನ್ನು ಯಾರೂ ಒಬ್ಬರೇ ಕೂತು ಮಾಡುವುದಿಲ್ಲ. ಮನೆಯ ಎಲ್ಲರೂ ಬರುವ ತನಕ ಕಾಯ್ತಾರೆ. ಇಲ್ಲದವನ ಪಾಲನ್ನೂ ತೆಗೆದಿಡ್ತಾರೆ. ಈಗ ಗದ್ದೆಗಳೆಲ್ಲ ಅಡಿಕೆ ತೋಟ ಆಗಿವೆ, ತೆನೆಗೆ ಬೇರೆ ಕಡೆ ಹುಡುಕಿಕೊಂಡು ಹೋಗಬೇಕಾದ ಊರುಗಳುಂಟು. ಆದರೂ ಹುಡುಕಿ ತರುತ್ತಾರೆ.

ಇಷ್ಟು ಹೇಳಿ ನನ್ನದೇ ಒಂದು ಕಥೆ ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದಿನದ್ದು. ಆ ಮಳೆಗಾಲದಲ್ಲಿ ನಮ್ಮ ಮನೆಯವರು ಅಡಿಕೆಗೆ ಮದ್ದು ಬಿಡಲು ಮರ ಹತ್ತಿದವರು ಜಾರಿ ಬಿದ್ದರು. ಸೊಂಟಕ್ಕೆ ಪೆಟ್ಟು. ಒಂದು ತಿಂಗಳಿಗಿಂತ ಹೆಚ್ಚು ಆಸ್ಪತ್ರೆ. ನನ್ನ ಹೆಸರಿನಲ್ಲಿ ಸಂಘದ ಸಾಲ ಇತ್ತು. ಮೂರು ಕಂತನ್ನು ಸಂಘದವರು ತಮ್ಮ ತಮ್ಮೊಳಗೆ ಹಾಕಿ ಕಟ್ಟಿದರು. ನನ್ನ ಪಾಲಿನ ಎಲೆ, ಹೊಗೆಸೊಪ್ಪನ್ನು ಹಂಚಿಕೊಂಡು ಬೀಡಿ ಕಟ್ಟಿ, ನನ್ನ ಪುಸ್ತಕದಲ್ಲೇ ಬ್ರಾಂಚಿಗೆ ಕೊಟ್ಟರು. ಪಕ್ಕದ ಬ್ಯಾರಿ ಮನೆಯ ಅಕ್ಕ ನನ್ನ ಇಬ್ಬರು ಮಕ್ಕಳಿಗೆ ದಿನಾ ರಾತ್ರಿ ಊಟ ಹಾಕಿದರು.

ಮನೆಯವರು ಗುಣವಾಗಿ ಬಂದರು. ಆಮೇಲೆ ನಾನು ಏನು ಮಾಡಿದೆ ಗೊತ್ತುಂಟಾ? ಸಂಘಕ್ಕೆ ಹೋಗುವುದನ್ನೇ ಬಿಟ್ಟೆ. ತಲೆನೋವು ಅಂದೆ, ನೆಂಟರು ಬಂದಿದ್ದಾರೆ ಅಂದೆ. ಆ ಅಕ್ಕ ಎದುರು ಬಂದರೆ ಬೇರೆ ದಾರಿ ಹಿಡಿದೆ. ಉಪಕಾರ ನೆನಪಿಲ್ಲದೆ ಅಲ್ಲ, ತುಂಬಾ ನೆನಪಿದ್ದುದರಿಂದ. ಎಲ್ಲರ ಕಣ್ಣೂ ನನ್ನ ಸಾಲವನ್ನೇ ಎಣಿಸುತ್ತಿವೆ ಎಂದು ನನಗೆ ಕಂಡಿತು. ಹೊಸ ಸೀರೆ ಉಟ್ಟರೆ ಏನು ಹೇಳುತ್ತಾರೋ, ಮಕ್ಕಳಿಗೆ ಮೀನು ತಂದರೆ ಏನು ಹೇಳುತ್ತಾರೋ ಅಂತ ಹೆದರಿಕೆ. ಪಡೆದುಕೊಳ್ಳುವುದು ಕೊಡುವುದಕ್ಕಿಂತ ಕಷ್ಟ ಮಾರಾಯ್ರೆ, ಇದನ್ನು ಅನುಭವಿಸಿದವರು ಮಾತ್ರ ಹೇಳಿಯಾರು.

ಒಂದು ಸಂಜೆ ನಮ್ಮ ಸಂಘದ ಅಧ್ಯಕ್ಷೆ ಮನೆಗೆ ಬಂದರು. ದುಡ್ಡಿನ ಮಾತು ಎತ್ತಲಿಲ್ಲ, ಯಾಕೆ ಬರುವುದಿಲ್ಲ ಎಂದೂ ಕೇಳಲಿಲ್ಲ. “ನಡಾವಳಿ ಪುಸ್ತಕ ಬರೆಯುವವರಿಲ್ಲದೆ ನಮಗೆ ತುಂಬಾ ಕಷ್ಟ ಆಗಿದೆ. ನೀನು ಏಳನೇ ಕ್ಲಾಸ್ ಕಲಿತವಳು, ಅಕ್ಷರ ಒಳ್ಳೆದುಂಟು. ಸ್ವಲ್ಪ ಉಪಕಾರ ಮಾಡ್ತೀಯಾ?” ಎಂದು ಕೇಳಿದರು. ಆ ‘ಉಪಕಾರ ಮಾಡ್ತೀಯಾ’ ಎಂಬ ಮಾತಿಗೆ ನನಗೆ ಅಳುವೇ ಬಂತು. ಆ ವಾರ ಸಂಘಕ್ಕೆ ಹೋದೆ. ಹೋಗುವ ದಾರಿಯಲ್ಲಿ ಬ್ಯಾರಿ ಅಕ್ಕನ ಮನೆಗೂ ಹೋಗಿ, ಮೂರು ತಿಂಗಳಿನಿಂದ ನಮ್ಮಲ್ಲೇ ಉಳಿದಿದ್ದ ಅವರ ಸ್ಟೀಲಿನ ಪಾತ್ರೆ ವಾಪಸು ಕೊಟ್ಟೆ. ಒಳಗೆ ಹಿತ್ತಲಿನ ಬಸಳೆ ಇಟ್ಟಿದ್ದೆ. ಅವರು ಬೈದರು, “ಇಷ್ಟು ದಿನ ಎಲ್ಲಿ ಸತ್ತಿದ್ದೆ?” ಅಂತ. ಅಷ್ಟು ಚಂದದ ಬೈಗುಳ ನಾನು ಬೇರೆ ಕೇಳಿಲ್ಲ.

ಆದ್ದರಿಂದ ನಾನು ಹೇಳುವುದು ಇದು. ಕೃತಜ್ಞತೆ ಒಬ್ಬಳ ಮನಸ್ಸಿನ ಒಳಗೆ ಮಾತ್ರ ಇದ್ದರೆ ಅದು ನಾಚಿಕೆಯಾಗಿ ಕೊಳೆಯುತ್ತದೆ. ಅದನ್ನು ಹೇಳಲು ಕೇಳುವ ಕಿವಿ ಬೇಕು, ತೀರಿಸಲು ದಾರಿ ಬೇಕು. ಆ ದಾರಿ ಮಾಡಿಕೊಡಬೇಕಾದವರು ಉಪಕಾರ ಮಾಡಿದವರೇ. ನೀವು ಯಾರಿಗಾದರೂ ಸಹಾಯ ಮಾಡಿದ್ದರೆ, ಸ್ವಲ್ಪ ದಿನ ಬಿಟ್ಟು ಅವರ ಹತ್ತಿರ ಒಂದು ಸಣ್ಣ ಸಹಾಯ ಕೇಳಿ. ಒಂದು ಗಿಡ ಕೇಳಿ, ಒಂದು ಗಂಟೆ ಮಗುವನ್ನು ನೋಡಿಕೊಳ್ಳಲು ಹೇಳಿ. ಹತ್ತು ಜನರ ಮುಂದೆ “ಅವಳ ಕಷ್ಟಕ್ಕೆ ಆದವರು ನಾವು” ಎಂದು ಮಾತ್ರ ಹೇಳಬೇಡಿ. ಅದು ಕೊಟ್ಟದ್ದನ್ನು ಬಡ್ಡಿ ಸಮೇತ ಕಿತ್ತುಕೊಂಡ ಹಾಗೆ.

2019ರ ಆಗಸ್ಟ್ ನೆರೆಯಲ್ಲಿ ಬೆಳ್ತಂಗಡಿಯ ಚಾರ್ಮಾಡಿ ಕಡೆಯ ಮನೆ ತೋಟಗಳಿಗೆ ಮರಳು, ಕೆಸರು ನುಗ್ಗಿದ್ದು ಆ ಭಾಗದಿಂದ ಬಂದವರಿಗೆ ಮರೆತಿರಲಿಕ್ಕಿಲ್ಲ. ಗೊತ್ತಿಲ್ಲದ ಊರಿನವರು ಬಂದು ಕೆಸರು ತೆಗೆದರು. ಅಂಥ ಹೊತ್ತಿನಲ್ಲಿ ಅಕ್ಕಿಯ ಚೀಲ ಕೊಟ್ಟು ಫೋಟೋಕ್ಕೆ ನಿಲ್ಲಿಸುವುದು, ‘ಜೀವ ಉಳಿಯಿತಲ್ಲ, ಅದಕ್ಕೆ ಉಪಕಾರ ಹೇಳು’ ಎನ್ನುವುದು ಎರಡೂ ಸರಿಯಲ್ಲ. ಮನೆ ಕಳೆದುಕೊಂಡವಳು ಮೊದಲು ಅಳಲಿ. ಉಪಕಾರದ ಮಾತು ಅವಳ ಬಾಯಿಂದಲೇ ಬರಬೇಕು, ಅವಳಿಗೆ ಬೇಕೆನಿಸಿದ ದಿನ.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಹಕ್ಕಿನಿಂದ ಸಿಗಬೇಕಾದ್ದಕ್ಕೆ ತಲೆ ತಗ್ಗಿಸುವುದು ಕೃತಜ್ಞತೆ ಅಲ್ಲ. ಬೀಡಿ ಕಾರ್ಮಿಕರಿಗೆ 1966ರಲ್ಲೇ ಕಾಯ್ದೆ ಆಗಿತ್ತು. ಕಟ್ಟಿದ ಬೀಡಿಗೆ ಸರಿಯಾದ ಮಜೂರಿ ಕೊಡುವುದು ಯಾರ ಉಪಕಾರವೂ ಅಲ್ಲ. ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲ ಕೊಡುವ ಯೋಜನೆಯನ್ನು ನಬಾರ್ಡ್ 1992ರಲ್ಲಿ 500 ಸಂಘಗಳ ಗುರಿ ಇಟ್ಟು ಆರಂಭಿಸಿತು. ಹೆಂಗಸರು ಸರಿಯಾಗಿ ಕಂತು ಕಟ್ಟಿದ್ದರಿಂದಲೇ ಅದು ಇಷ್ಟು ಬೆಳೆಯಿತು. ಹಾಗಾಗಿ ಬ್ಯಾಂಕಿನ ಮುಂದೆ ಕೈಮುಗಿದು ಮುದುಡಿ ನಿಲ್ಲಬೇಡಿ, ಕುರ್ಚಿ ಇದ್ದರೆ ಕುಳಿತು ಮಾತಾಡಿ. ‘ಅನ್ನ ಹಾಕ್ತಾನಲ್ಲ, ಎರಡು ಪೆಟ್ಟು ಸಹಿಸಿಕೋ’ ಎಂದು ಹೇಳುವವರು ಈಗಲೂ ಇದ್ದಾರೆ. ಆ ಅನ್ನ ಬೇಯಿಸುವವಳು ಯಾರು? ಅದರ ಅಕ್ಕಿಗೆ ಬೀಡಿ ಕಟ್ಟಿದವಳು ಯಾರು? ಹೊಡೆತದಿಂದ ಹೆಂಗಸರನ್ನು ರಕ್ಷಿಸುವ ಕಾನೂನು 2005ರಲ್ಲಿ ಬಂದಿದೆ. ಸಂಘದಲ್ಲಿ ಯಾರಾದರೂ ಮೈಮೇಲಿನ ಗಾಯ ಮುಚ್ಚಿಕೊಂಡು ಬಂದರೆ ಅವಳಿಗೆ ಕೃತಜ್ಞತೆಯ ಪಾಠ ಮಾಡಬೇಡಿ, ಅವಳ ಜೊತೆ ನಿಲ್ಲಿ.

ಈಗ ನಮ್ಮ ಸಂಘದಲ್ಲಿ ನಾವು ಏನು ಮಾಡ್ತೇವೆ ಹೇಳಿ ಮುಗಿಸ್ತೇನೆ. ಅಮೆರಿಕದಲ್ಲಿ ಎಮನ್ಸ್ ಮತ್ತು ಮೆಕಲಾ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳಿಗೆ ವಾರಕ್ಕೊಮ್ಮೆ, ಹತ್ತು ವಾರ, ಆ ವಾರ ಉಪಕಾರ ನೆನೆಯುವಂತಹ ಐದು ಸಂಗತಿ ಬರೆಯಲು ಹೇಳಿದರು. ಬೇರೆ ಕೆಲವರಿಗೆ ಕಿರಿಕಿರಿಯ ಸಂಗತಿ ಬರೆಯಲು ಹೇಳಿದರು. ಮೊದಲಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು. ವಾರಕ್ಕೊಮ್ಮೆ ಎಂದು ಓದಿದಾಗ ನನಗೆ ನಗು ಬಂತು. ವಾರಕ್ಕೊಮ್ಮೆ ಸೇರುವುದು ನಮಗೆ ಯಾರೂ ಕಲಿಸಬೇಕಾಗಿಲ್ಲವಲ್ಲ!

ನಮ್ಮಲ್ಲಿ ಉಳಿತಾಯದ ಹಣ ಎಣಿಸುವ ಮೊದಲು ಐದು ನಿಮಿಷ ಇದಕ್ಕೆ. ಬಯಸಿದವರು ಮಾತ್ರ ಹೇಳಬಹುದು. ‘ಎಲ್ಲರಿಗೂ ಧನ್ಯವಾದ’ ಎಂದರೆ ಲೆಕ್ಕಕ್ಕಿಲ್ಲ. ಯಾರು, ಯಾವ ದಿನ, ಏನು ಮಾಡಿದರು ಎಂದು ಹೇಳಬೇಕು. “ಮಂಗಳವಾರ ಬಸ್ಸಿನಲ್ಲಿ ಚಿಲ್ಲರೆ ಇಲ್ಲದಾಗ ಇವಳು ಟಿಕೆಟ್ ತೆಗೆದಳು.” “ಸೊಸೆ ನನ್ನ ಕಾಲಿಗೆ ಎಣ್ಣೆ ತಿಕ್ಕಿದಳು, ಅವಳ ಎದುರು ಹೇಳಲಿಕ್ಕೆ ಬಾಯಿ ಬರಲಿಲ್ಲ.” ಹೀಗೆ ಹೇಳಿದಾಗ ಉಳಿದವರು, “ಇಲ್ಲಿ ಹೇಳಿದ್ದು ಸಾಕಾಗ್ಲಿಲ್ಲ, ಮನೆಗೆ ಹೋಗಿ ಸೊಸೆಗೇ ಹೇಳಿ, ಮುಂದಿನ ವಾರ ಕೇಳ್ತೇವೆ” ಅಂತ ಬೆನ್ನು ಹಿಡಿಯುತ್ತಾರೆ. ಆ ಅಮ್ಮ ಮೂರು ವಾರ ತೆಗೆದುಕೊಂಡರು. ಕೊನೆಗೂ ಹೇಳಿದರಂತೆ. ಸೊಸೆ “ನಿಮಗೆ ಜ್ವರ ಬಂದಿದೆಯಾ ಅತ್ತೆ?” ಎಂದು ಹಣೆ ಮುಟ್ಟಿ ನೋಡಿದಳಂತೆ!

ಯಾರಿಗೂ ಏನೂ ಹೇಳಲಿಕ್ಕಿಲ್ಲದ ವಾರಗಳೂ ಉಂಟು. ಆಗ ಸುಮ್ಮನೆ ಲೆಕ್ಕ ನೋಡಿ ಎದ್ದು ಬರ್ತೇವೆ.

ನನಗೆ ಕೊಟ್ಟ ಸಮಯದಲ್ಲಿ ಇನ್ನು ಐದು ನಿಮಿಷ ಉಳಿದಿದೆ. ಅದನ್ನು ನಿಮಗೇ ಕೊಡ್ತೇನೆ. ನೀವು ಇವತ್ತು ಇಲ್ಲಿಗೆ ಬರುವಂತೆ ಮಾಡಿದವರು ಯಾರೋ ಇದ್ದಾರೆ. ಮಗುವನ್ನು ನೋಡಿಕೊಂಡವರು, ದನಕ್ಕೆ ಹುಲ್ಲು ಹಾಕಿದವರು, ನಿಮ್ಮ ತಡ್ಪೆ ಹಿಡಿದು ಕುಳಿತವರು. ಅವರ ಹೆಸರನ್ನು ಪಕ್ಕದಲ್ಲಿ ಕುಳಿತವರಿಗೆ ಹೇಳಿ. ಅಷ್ಟರಲ್ಲಿ ನಾನು ಹಿಂದಿನ ಅಡುಗೆ ಕೋಣೆಯಲ್ಲಿ ಬೆಳಗ್ಗಿನಿಂದ ಚಹಾ ಮಾಡ್ತಾ ಇರುವವರ ಹೆಸರು ಕೇಳಿಕೊಂಡು ಬರ್ತೇನೆ.