ರೂಪಾಯಿ ಮತ್ತು ಪೌಂಡು: ಒಂದು ದರದ ಕಥೆ

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಣಕಾಸಿನ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದರು. ಬೆಳ್ಳಿಹಬ್ಬ ಅಂದ ಮೇಲೆ ಬೆಳ್ಳಿ ರೂಪಾಯಿಯ ಮಾತೇ ಆಡೋಣ ಎಂದುಕೊಂಡು ಬಂದಿದ್ದೇವೆ.

ಮೊದಲು ನಮ್ಮದೊಂದು ತಪ್ಪು ಒಪ್ಪಿಕೊಳ್ಳಬೇಕು. ನಾವು ಮೇಷ್ಟರಾಗಿದ್ದಾಗ ಒಂದು ಆಗಸ್ಟ್ 15ರಂದು, "ಸ್ವಾತಂತ್ರ್ಯ ಬಂದಾಗ ಒಂದು ಡಾಲರಿಗೆ ಒಂದೇ ರೂಪಾಯಿ ಇತ್ತು" ಎಂದು ಜೋರಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆವು. ಆಮೇಲೆ ಕೂತು ಲೆಕ್ಕ ಹಾಕಿದರೆ ಮಾತು ಸುಳ್ಳು! 1947ರಲ್ಲಿ ನಮ್ಮ ರೂಪಾಯಿಯನ್ನು ಕಟ್ಟಿದ್ದು ಇಂಗ್ಲೆಂಡಿನ ಪೌಂಡಿಗೆ. ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಅದೇ ಪೌಂಡಿಗೆ ನಾಲ್ಕು ಡಾಲರು ಚಿಲ್ಲರೆ. ಭಾಗಿಸಿ ನೋಡಿ, ಡಾಲರಿಗೆ ಸುಮಾರು 3 ರೂಪಾಯಿ 5 ಆಣೆ ಬೀಳುತ್ತದೆ. ಆ ದಿನ ಚಪ್ಪಾಳೆ ತಟ್ಟಿದ ಹುಡುಗರಲ್ಲಿ ಕೆಲವರು ಇವತ್ತು ಸದಸ್ಯರಾಗಿ ಇಲ್ಲೇ ಕೂತಿದ್ದಾರೆ. ಅವರ ಕ್ಷಮೆ ಕೇಳಿ ಮುಂದುವರಿಯುತ್ತೇವೆ.

ಈ ಐದಾಣೆ ನಾಲ್ಕು ಪೈ ಲೆಕ್ಕ ಎಲ್ಲಿಂದ ಬಂತು? ಅದರಲ್ಲೇ ರೈತನ ಕಥೆಯೂ ಇದೆ.

ಆಗಿನ ರೂಪಾಯಿ ಅಂದ್ರೆ ಒಂದು ತೊಲ ತೂಕದ ಬೆಳ್ಳಿ ನಾಣ್ಯ. ಇಂಗ್ಲೆಂಡಿನದು ಚಿನ್ನದ ಪೌಂಡು. ಒಂದು ಪೌಂಡಿಗೆ 20 ಶಿಲ್ಲಿಂಗು, ಒಂದು ಶಿಲ್ಲಿಂಗಿಗೆ 12 ಪೆನ್ಸು. 1870ರ ಸುಮಾರಿಗೆ ಒಂದು ರೂಪಾಯಿಗೆ ಹತ್ತಿರ ಹತ್ತಿರ 2 ಶಿಲ್ಲಿಂಗು ಸಿಗುತ್ತಿತ್ತು. ಆಮೇಲೆ ಜರ್ಮನಿ ಮೊದಲಾದ ದೇಶಗಳು ಬೆಳ್ಳಿ ಬಿಟ್ಟು ಚಿನ್ನ ಹಿಡಿದವು. ಬೆಳ್ಳಿಯ ಬೆಲೆ ಕುಸಿಯಿತು, ಜೊತೆಗೆ ರೂಪಾಯಿಯೂ ಇಳಿಯಿತು. 1893ರಲ್ಲಿ ಸರ್ಕಾರ, ಜನರು ಟಂಕಸಾಲೆಗೆ ಬೆಳ್ಳಿ ಕೊಟ್ಟು ರೂಪಾಯಿ ಅಚ್ಚು ಹಾಕಿಸಿಕೊಳ್ಳುವುದನ್ನು ನಿಲ್ಲಿಸಿತು. ಕಷ್ಟಕಾಲಕ್ಕೆಂದು ಬೆಳ್ಳಿ ಕಡಗ, ಕಾಲುಬಳೆ ಮಾಡಿಟ್ಟುಕೊಂಡಿದ್ದ ಹಳ್ಳಿಯವರಿಗೆ ಇದರಿಂದ ಪೆಟ್ಟು ಬಿತ್ತು. ಒಂದು ತೊಲ ಬೆಳ್ಳಿಗೂ ಒಂದು ರೂಪಾಯಿಗೂ ಇದ್ದ ನಂಟು ಹರಿಯಿತು.

ಆ ಶತಮಾನ ಮುಗಿಯುವ ಹೊತ್ತಿಗೆ ದರ 1 ಶಿಲ್ಲಿಂಗ್ 4 ಪೆನ್ಸಿಗೆ ನಿಂತಿತು. ಅಂದ್ರೆ ಪೌಂಡಿಗೆ ಸರಿಯಾಗಿ 15 ರೂಪಾಯಿ. ಮೊದಲ ಮಹಾಯುದ್ಧದಲ್ಲಿ ಅದೂ ಅಲ್ಲಾಡಿತು. 1920ರಲ್ಲಿ 2 ಶಿಲ್ಲಿಂಗು ಮಾಡಲು ಹೋಗಿ ಸರ್ಕಾರ ಕೈಸುಟ್ಟುಕೊಂಡಿತು. ಕೊನೆಗೆ 1926ರಲ್ಲಿ ಹಿಲ್ಟನ್ ಯಂಗ್ ಆಯೋಗ ಶಿಫಾರಸು ಮಾಡಿದಂತೆ 1927ರಲ್ಲಿ 1 ಶಿಲ್ಲಿಂಗ್ 6 ಪೆನ್ಸು ಎಂದು ಕಾನೂನಾಯಿತು.

ಎರಡು ಪೆನ್ಸಿಗೆ ಇಷ್ಟು ಗಲಾಟೆ ಯಾಕೆ ಅಂತೀರಾ? ಒಬ್ಬ ರೈತನ ಹತ್ತಿ ಇಂಗ್ಲೆಂಡಿನಲ್ಲಿ ಒಂದು ಪೌಂಡು ಹಣಕ್ಕೆ ಮಾರಾಟವಾಯಿತು ಅನ್ನಿ. ಹಳೆ ದರದಲ್ಲಿ ಅದು 15 ರೂಪಾಯಿ. ಹೊಸ ದರದಲ್ಲಿ 13 ರೂಪಾಯಿ 5 ಆಣೆ 4 ಪೈ. ಪ್ರತಿ ಪೌಂಡಿಗೂ 1 ರೂಪಾಯಿ 10 ಆಣೆ 8 ಪೈ ಖೋತಾ. ಆದರೆ ಅವನು ಕಟ್ಟಬೇಕಾದ ಕಂದಾಯ ಒಂದು ಪೈ ಇಳಿಯಲಿಲ್ಲ, ಸಾಹುಕಾರನ ಸಾಲವೂ ಇಳಿಯಲಿಲ್ಲ. ಇತ್ತ ಸರ್ಕಾರಕ್ಕೆ ಲಾಭ. ಇಂಗ್ಲೆಂಡಿಗೆ ಕಳಿಸಬೇಕಾದ ಪಿಂಚಣಿ, ಬಡ್ಡಿಗೆ ಕಡಿಮೆ ರೂಪಾಯಿ ಸಾಕಾಯಿತು. ಅಲ್ಲಿಂದ ಬರುವ ಬಟ್ಟೆ, ಸಾಮಾನೂ ಅಗ್ಗ. ಆಯೋಗದಲ್ಲಿದ್ದ ಪುರುಷೋತ್ತಮದಾಸ್ ಠಾಕೂರ್‌ದಾಸ್ ಅವರು ಇದನ್ನು ಒಪ್ಪದೆ ಭಿನ್ನಮತ ಬರೆದರು, ದರ 1 ಶಿಲ್ಲಿಂಗ್ 4 ಪೆನ್ಸೇ ಇರಲಿ ಎಂದರು. ಅವರ ಮಾತು ನಡೆಯಲಿಲ್ಲ.

ಗಮನಿಸಿ, ಇಲ್ಲಿ ರೂಪಾಯಿ ಬಿದ್ದಿರಲಿಲ್ಲ, ಏರಿತ್ತು! ಏರಿದ ರೂಪಾಯಿಯೇ ರೈತನ ಜೇಬು ಕತ್ತರಿಸಿತು.

ಸ್ವಾತಂತ್ರ್ಯದ ನಂತರದ್ದನ್ನು ಬೇಗ ಹೇಳಿ ಮುಗಿಸುತ್ತೇವೆ. 1949ರಲ್ಲಿ ಪೌಂಡು ಡಾಲರಿನ ಎದುರು ಇಳಿದಾಗ ನಮ್ಮ ರೂಪಾಯಿಯೂ ಜೊತೆಯಲ್ಲೇ ಇಳಿಯಿತು. ಡಾಲರು 4 ರೂಪಾಯಿ 76 ಪೈಸೆಯ ಮಟ್ಟಕ್ಕೆ ಬಂತು, ಪೌಂಡಿನ ದರ ಮಾತ್ರ ಬದಲಾಗಲಿಲ್ಲ. 1965ರ ಯುದ್ಧ, ಬರಗಾಲ, ನೆರವು ಕೊಡುವವರ ಒತ್ತಾಯ ಎಲ್ಲ ಸೇರಿ 1966ರ ಜೂನ್ 6ರಂದು ಅಪಮೌಲ್ಯವಾಯಿತು. ಪೌಂಡಿಗೆ 21 ರೂಪಾಯಿ, ಡಾಲರಿಗೆ ಏಳೂವರೆ. ರಫ್ತು ಹೆಚ್ಚುತ್ತದೆ ಎಂಬ ಆಸೆ ಇತ್ತು. ಆ ವರ್ಷವೂ ಮಳೆ ಕೈಕೊಟ್ಟಿತು. ಮಾರೋದಕ್ಕೆ ಬೆಳೆಯೇ ಇಲ್ಲದಿದ್ದರೆ ದರ ಇಳಿಸಿ ಏನು ಫಲ? 1967ರಲ್ಲಿ ಪೌಂಡೇ ಇಳಿಯಿತು, ನಾವು ಇಳಿಯಲಿಲ್ಲ. ಪೌಂಡು 18 ರೂಪಾಯಿಗೆ ಬಂತು. 1975ರಲ್ಲಿ ಪೌಂಡಿನ ಜೊತೆಗಿನ ಗಂಟನ್ನು ಪೂರ್ತಿ ಬಿಚ್ಚಲಾಯಿತು.

1991 ನಮ್ಮಂಥ ಸಂಘದವರಿಗೆ ಚೆನ್ನಾಗಿ ಅರ್ಥವಾಗುವ ವರ್ಷ. ಮುಂಗಾರಿಗೆ ಬೀಜ, ಗೊಬ್ಬರಕ್ಕೆ ಕಾಸಿಲ್ಲದಿದ್ದರೆ ಮನೆಯವರ ಒಡವೆ ತಂದು ಅಡವಿಡುತ್ತೇವಲ್ಲ, ಆ ಜುಲೈಯಲ್ಲಿ ದೇಶವೇ ಹಾಗೆ ಮಾಡಿತು. ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನ ಅಡವಿಟ್ಟು ಸಾಲ ತಂತು. ಅದೇ ತಿಂಗಳ 1 ಮತ್ತು 3ನೇ ತಾರೀಖು ರೂಪಾಯಿಯ ಬೆಲೆ ಎರಡು ಸಲ ಇಳಿಸಲಾಯಿತು. 1993ರಿಂದ ದರವನ್ನು ಮಾರುಕಟ್ಟೆಗೆ ಬಿಟ್ಟರು. 2022ರಲ್ಲಿ ಡಾಲರು 80 ರೂಪಾಯಿ ದಾಟಿತು.

ಇದರಿಂದ ನಾವು ಕಲಿಯಬೇಕಾದ್ದೇನು? ರೂಪಾಯಿ ಬಿತ್ತು ಅಂದ ಕೂಡಲೇ ದೇಶದ ಮಾನ ಹೋಯಿತು ಎನ್ನಬಾರದು, ಏರಿತು ಅಂದರೆ ಪಟಾಕಿ ಹೊಡೆಯಲೂಬಾರದು. ಯಾರು ಮಾರುತ್ತಾರೆ, ಯಾರು ಕೊಳ್ಳುತ್ತಾರೆ ಎಂದು ಕೇಳಬೇಕು. ನಮ್ಮ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ರೂಪಾಯಿ ಇಳಿದರೆ ಬೆಳೆಗಾರನಿಗೆ ನಾಲ್ಕು ಕಾಸು ಹೆಚ್ಚು. ಅದೇ ಬೆಳೆಗಾರನ ತೋಟಕ್ಕೆ ಬೇಕಾದ ಪೊಟ್ಯಾಷು ಹೊರಗಿನಿಂದಲೇ ಬರಬೇಕು, ಡೀಸೆಲ್ಲಿನ ಕಚ್ಚಾತೈಲವೂ ಬಹುಪಾಲು ಹೊರಗಿನದೇ. ಅಲ್ಲಿ ಕೊಟ್ಟು ಇಲ್ಲಿ ಕಸಿದ ಹಾಗೆ. ಡಾ. ಬಿ. ಆರ್. ಅಂಬೇಡ್ಕರ್ ಅವರು ರೂಪಾಯಿಯ ಸಮಸ್ಯೆ ಕುರಿತು 1923ರಲ್ಲೇ ಒಂದು ಗ್ರಂಥ ಪ್ರಕಟಿಸಿದರು. ಹೊರಗಿನ ದರಕ್ಕಿಂತ, ಒಳಗೆ ಆ ರೂಪಾಯಿಗೆ ಎಷ್ಟು ಸಾಮಾನು ಸಿಗುತ್ತದೆ ಎನ್ನುವುದೇ ಮುಖ್ಯ ಎಂಬುದು ಅವರ ವಾದದ ತಿರುಳು.

1927ರಲ್ಲಿ ದರ ಗೊತ್ತುಮಾಡಿದಾಗ ಹತ್ತಿ ಬೆಳೆದವನನ್ನು ಯಾರೂ ಕೇಳಲಿಲ್ಲ. ಲೆಕ್ಕ ತಿಳಿಯದವನನ್ನು ಮುಂದೆಯೂ ಯಾರೂ ಕೇಳುವುದಿಲ್ಲ. ನಮ್ಮ ಸಂಘ ಸಾಲ, ಗೊಬ್ಬರ ಕೊಡುವುದರ ಜೊತೆಗೆ ಇಂಥ ಲೆಕ್ಕವನ್ನೂ ಸದಸ್ಯರಿಗೆ ಕಲಿಸಲಿ. ಬೆಳ್ಳಿಹಬ್ಬ ಕಂಡ ಸಂಘ ಚಿನ್ನದ ಹಬ್ಬವನ್ನೂ ಕಾಣಲಿ, ಆ ಹೊತ್ತಿಗೆ ಯಾರ ಮನೆಯ ಚಿನ್ನವೂ ಅಡವಿನಲ್ಲಿ ಇಲ್ಲದಿರಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.