ಸೂಜಿ ಪರೀಕ್ಷೆಗೆ ಮೊದಲು ಕೇಳಿ ತಿಳಿಯಿರಿ



ನಮ್ಮ ಹೊಸಪೇಟೆ, ಕಂಪ್ಲಿ ಕಡೆ ನೀವು ಭತ್ತ ನಾಟಿ ಮಾಡುತ್ತೀರಿ. ಕಬ್ಬು, ಬಾಳೆ ತೋಟದಲ್ಲಿ ದುಡಿಯುತ್ತೀರಿ. ಹಂಪಿ ಹತ್ತಿರದ ಆನೆಗೊಂದಿಯಲ್ಲಿ ಬಾಳೆ ನಾರು ಹೆಣೆಯುವವರು ಇದ್ದಾರೆ. ಸಂಡೂರಿನ ತಾಂಡಾಗಳಲ್ಲಿ ಲಂಬಾಣಿ ಕಸೂತಿ ಹಾಕುವವರು ಇದ್ದಾರೆ. ಎಲ್ಲರದೂ ಕೈಯ ದುಡಿಮೆ.

ಕೈ ಒಂದೇ ಸಮನೆ ದುಡಿದರೆ ಕೆಲವರಿಗೆ ಬೆರಳು ಜೋಮು ಹಿಡಿಯುತ್ತದೆ. ರಾತ್ರಿ ಎಚ್ಚರ ಆಗುತ್ತದೆ. ಹಿಡಿದ ಲೋಟ ಕೈಜಾರುತ್ತದೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡರೆ ಹೀಗಾಗುತ್ತದೆ. ಸಕ್ಕರೆ ಕಾಯಿಲೆ, ಥೈರಾಯಿಡ್ ತೊಂದರೆ ಇದ್ದವರಿಗೂ, ಬಸುರಿಯರಿಗೂ ಹೀಗಾಗಬಹುದು. ಆಗ ಡಾಕ್ಟರು, "ನರದ ಪರೀಕ್ಷೆ ಮಾಡಿಸಿರಿ" ಎಂದು ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ಆ ಪರೀಕ್ಷೆ ಏನು ಅಂತ ಇವತ್ತು ತಿಳಿಯೋಣ.

ಪರೀಕ್ಷೆ ಹೇಗಿರುತ್ತದೆ?

ಇದರಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಚರ್ಮದ ಮೇಲಿನಿಂದ ಸಣ್ಣ ಕರೆಂಟು ಕೊಡುತ್ತಾರೆ. ಕೈ ಜುಮ್ ಎನ್ನುತ್ತದೆ, ಬೆರಳು ಹಾರುತ್ತದೆ. ಎರಡನೆಯದು ಸೂಜಿ ಪರೀಕ್ಷೆ. ಇದಕ್ಕೆ ಇ.ಎಂ.ಜಿ. ಎನ್ನುತ್ತಾರೆ. ತೆಳುವಾದ ಸೂಜಿಯನ್ನು ಮಾಂಸಖಂಡದೊಳಗೆ ಚುಚ್ಚುತ್ತಾರೆ. ಆ ಸೂಜಿಯಲ್ಲಿ ಔಷಧಿ ಇರುವುದಿಲ್ಲ. ಅದರಿಂದ ಕರೆಂಟೂ ಬಿಡುವುದಿಲ್ಲ. ಮಾಂಸಖಂಡದಲ್ಲಿ ತಾನಾಗಿ ಹುಟ್ಟುವ ಸಣ್ಣ ವಿದ್ಯುತ್ತನ್ನು ಅದು ಹಿಡಿಯುತ್ತದೆ. ಅದು ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. "ಕೈ ಸಡಿಲ ಬಿಡಿ, ಈಗ ಬಿಗಿ ಮಾಡಿ" ಎಂದು ಹೇಳುತ್ತಾರೆ. ನಾಲ್ಕಾರು ಕಡೆ ಚುಚ್ಚಬಹುದು.

ಒಂದು ಮಾತು ನೆನಪಿರಲಿ. ಇದು ಪರೀಕ್ಷೆ, ಚಿಕಿತ್ಸೆ ಅಲ್ಲ. ಸೂಜಿ ಚುಚ್ಚಿಸಿಕೊಂಡರೆ ಜೋಮು ಹೋಗುವುದಿಲ್ಲ.

ಅಪಾಯ ಇದೆಯೇ?

ನೋವು ಸ್ವಲ್ಪ ಇದ್ದೇ ಇರುತ್ತದೆ. ಚುಚ್ಚಿದಲ್ಲಿ ಒಂದೆರಡು ದಿನ ನೋಯಬಹುದು, ಚರ್ಮ ನೀಲಿಗಟ್ಟಬಹುದು. ಇದಕ್ಕೆ ಹೆದರಬೇಕಾಗಿಲ್ಲ. ದೊಡ್ಡ ತೊಂದರೆ ಆಗುವುದು ಬಹಳ ಅಪರೂಪ. ಆದರೂ ತಿಳಿದಿರಬೇಕು.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಒಳಗೆ ರಕ್ತ ಸೋರಬಹುದು. ಹೃದಯದ ಕವಾಟದ ಆಪರೇಷನ್ ಆದ ಕೆಲವರು ಈ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಂಥವರು ಮೊದಲೇ ಡಾಕ್ಟರಿಗೆ ಹೇಳಿರಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿರಿ. ಎದೆಯೊಳಗೆ ಪೇಸ್‌ಮೇಕರ್ ಇದ್ದರೆ ಹೇಳಿರಿ. ಸ್ತನದ ಆಪರೇಷನ್ ಆಗಿ ತೋಳು ಬಾತಿದ್ದರೆ, ಚರ್ಮದಲ್ಲಿ ಹುಣ್ಣು ಇದ್ದರೆ, ಬಸುರಿ ಆಗಿದ್ದರೆ ಅದನ್ನೂ ಹೇಳಿರಿ.

ಎದೆ, ಬೆನ್ನು, ಕುತ್ತಿಗೆ ಹತ್ತಿರ ಚುಚ್ಚುವಾಗ ಸೂಜಿ ಹೆಚ್ಚು ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತಾಗಬಹುದು. ಪರೀಕ್ಷೆ ಆದ ಮೇಲೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಚುಚ್ಚಿದ ಜಾಗ ಕೆಂಪಾಗಿ ಬಾತರೂ ತೋರಿಸಿರಿ.

ಸೂಜಿ ಹೊಸದಾಗಿರಬೇಕು. ಒಬ್ಬರಿಗೆ ಬಳಸಿದ ಸೂಜಿಯಿಂದ ಇನ್ನೊಬ್ಬರಿಗೆ ಎಚ್.ಐ.ವಿ., ಕಾಮಾಲೆಯಂಥ ರೋಗ ಹರಡಬಹುದು. "ಪೊಟ್ಟಣ ನನ್ನೆದುರಿಗೇ ಒಡೆಯಿರಿ" ಎಂದು ಕೇಳಿರಿ. ಇದರಲ್ಲಿ ನಾಚಿಕೆ ಇಲ್ಲ.

ಒಪ್ಪಿಗೆ ಯಾರದು?

"ನಮ್ಮ ಮನೆಯವರು ಸಹಿ ಹಾಕ್ಯಾರ, ಅಷ್ಟು ಸಾಕಲ್ರಿ?" ಅಂತ ಕೆಲವರು ಕೇಳುತ್ತಾರೆ. ಸಾಲದಕ್ಕಾ. ಮೈ ನಿಮ್ಮದು, ಒಪ್ಪಿಗೆಯೂ ನಿಮ್ಮದೇ.

ದೆಹಲಿಯಲ್ಲಿ 1995ರಲ್ಲಿ ಒಬ್ಬ ಮಹಿಳೆ ಹೊಟ್ಟೆಯ ಪರೀಕ್ಷೆಗೆ ಒಪ್ಪಿ ಮಲಗಿದ್ದರು. ಅವರಿಗೆ ಎಚ್ಚರ ಇಲ್ಲದಾಗ ಡಾಕ್ಟರು ತಾಯಿಯನ್ನು ಕೇಳಿ ಗರ್ಭಕೋಶ ತೆಗೆದರು. ಆ ಮಹಿಳೆ ಬಿಡಲಿಲ್ಲ. ಸುಪ್ರೀಂ ಕೋರ್ಟಿನವರೆಗೂ ಹೋದರು. 2008ರಲ್ಲಿ ಕೋರ್ಟು ತೀರ್ಪು ಕೊಟ್ಟಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ. ಜೀವ ಉಳಿಸುವ ತುರ್ತು ಇಲ್ಲದಾಗ, ವಯಸ್ಸಿಗೆ ಬಂದ ಹೆಂಗಸಿನ ಬದಲು ತಾಯಿ ಒಪ್ಪಿದರೆ ಸಾಲದು. ಏನು ಮಾಡುತ್ತೇವೆ, ಅಪಾಯ ಏನು, ಬೇರೆ ದಾರಿ ಏನು, ಇದನ್ನು ಡಾಕ್ಟರು ಮೊದಲೇ ತಿಳಿಸಬೇಕು.

ಸೂಜಿ ಪರೀಕ್ಷೆ ಆಪರೇಷನ್‌ನಷ್ಟು ದೊಡ್ಡದಲ್ಲ. ಆದರೂ ಕೇಳುವ ಹಕ್ಕು ಅಷ್ಟೇ ದೊಡ್ಡದು. ಈ ನಾಲ್ಕು ಪ್ರಶ್ನೆ ಕೇಳಿರಿ:

1. ಈ ಪರೀಕ್ಷೆ ನನಗೆ ಯಾಕೆ ಬೇಕು?
2. ಸೂಜಿ ಚುಚ್ಚಲೇಬೇಕಾ, ಮೊದಲ ಪರೀಕ್ಷೆ ಒಂದೇ ಸಾಕಾಗುವುದಿಲ್ಲವಾ?
3. ಎಲ್ಲೆಲ್ಲಿ ಚುಚ್ಚುತ್ತೀರಿ? ಅಪಾಯ ಏನು?
4. ನೋವು ತಡೆಯಲಾಗದಿದ್ದರೆ ನಿಲ್ಲಿಸುತ್ತೀರಾ?

ಪರೀಕ್ಷೆಯ ನಡುವೆಯೂ "ಸಾಕು, ನಿಲ್ಲಿಸಿರಿ" ಎನ್ನಬಹುದು. ಆದರೆ ಹೆದರಿ ಬೇಕಾದ ಪರೀಕ್ಷೆಯನ್ನು ಬಿಡಬೇಡಿರಿ. ನರದ ತೊಂದರೆ ತಡವಾಗಿ ತಿಳಿದರೆ ಕೈಯ ಶಕ್ತಿ ಕುಂದಬಹುದು.

ಅಕ್ಕಂದಿರೇ, ಮೊದಲು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಅಕ್ಷರ ಕಲಿತಿದ್ದೀರಿ. ಒಪ್ಪಿಗೆಯ ಕಾಗದ ಕೊಟ್ಟರೆ ಓದಿರಿ. ಇಂಗ್ಲಿಷಿನಲ್ಲಿದ್ದರೆ "ಕನ್ನಡದಲ್ಲಿ ತಿಳಿಸಿ ಹೇಳ್ರಿ" ಎನ್ನಿರಿ. ತಿಳಿದ ಮೇಲೆ ಸಹಿ ಹಾಕಿರಿ.